ಸ್ಯಾಕ್ಸೊಫೋನ್ ಬಂದಾಗ ಮಾತ್ರ ಕರಕರ: ಪುತ್ತೂರಿನ ಒಂದು ಜೋಡಿ ಸ್ಪೀಕರಿನ ಇಂಪಿಡೆನ್ಸ್ ಪ್ರಕರಣ

ಪುತ್ತೂರಿನಲ್ಲಿರುವ ಚಿಕ್ಕಪ್ಪನ ಮನೆಯ ಚಾವಡಿಯಲ್ಲಿ ಸೊಂಟಕ್ಕಿಂತ ಎತ್ತರದ ಎರಡು ಸ್ಪೀಕರ್ ಪೆಟ್ಟಿಗೆಗಳಿವೆ. ಕಟ್ಟಿದವನು ಅವರ ಮಗ. ಪೆಟ್ಟಿಗೆ, ಸದ್ದಿನ ತಗ್ಗು ಸ್ವರಗಳನ್ನೂ ಮೇಲಿನ ಸ್ವರಗಳನ್ನೂ ಬೇರ್ಪಡಿಸಿ ಕಳಿಸುವ ಕ್ರಾಸ್‌ಓವರ್, ಆಂಪ್ಲಿಫೈಯರ್ ಮೂರೂ ಅವನ ಕೈಕೆಲಸವೇ. ಒಂದು ವರ್ಷದ ಭಾನುವಾರಗಳೆಲ್ಲ ಇದಕ್ಕೇ ಹೋಗಿವೆ. ಜೂನ್ ತಿಂಗಳ ಒಂದು ರಾತ್ರಿ ಅವನ ಫೋನ್ ಬಂತು.

"ಅಣ್ಣ, ಬೇರೆ ಎಲ್ಲ ಸರಿ ಬರ್ತದೆ. ಗೋಪಾಲನಾಥರ ಸ್ಯಾಕ್ಸೊಫೋನ್ ಹಾಕಿದ್ರೆ ಮಾತ್ರ ಬಟ್ಟೆ ಹರಿದ ಹಾಗೆ ಕರಕರ ಅಂತದೆ. ಅಪ್ಪ ಕೇಳುವುದೇ ಅದನ್ನು. ಎಂತ ಮಾಡುದು?"

ಕದ್ರಿ ಗೋಪಾಲನಾಥರು ನಮ್ಮ ಕಡೆಯವರು. ನಾಗಸ್ವರದ ಮನೆತನದಿಂದ ಬಂದು ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರು. 2019ರಲ್ಲಿ ಅವರು ತೀರಿಕೊಂಡ ಮೇಲೆ ಚಿಕ್ಕಪ್ಪನಿಗೆ ಸಂಜೆ ಹೊತ್ತು ಅವರ ಧ್ವನಿಮುದ್ರಣಗಳೇ ಜೊತೆ. ಹಾಗಾಗಿ ಬೇರೆಲ್ಲ ಸರಿಯಿದ್ದು ಇದೊಂದು ಕೆಟ್ಟರೂ ಆ ಮನೆಯ ಮಟ್ಟಿಗೆ ಸ್ಪೀಕರ್ ಕೆಟ್ಟ ಹಾಗೆಯೇ.

ಸ್ಪೀಕರ್ ಕಟ್ಟುವವರು ಇಂಪಿಡೆನ್ಸನ್ನು, ಅಂದರೆ ಆಂಪಿನಿಂದ ಬರುವ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯನ್ನು, ಎಲ್ಲಿ ಹಗುರವಾಗಿ ತೆಗೆದುಕೊಳ್ಳುತ್ತಾರೆ, ಅದರಿಂದ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಂಡಿಲ್ಲ. ಆದ್ದರಿಂದ ಅಳತೆಗಳ ಸಮೇತ ಪೂರ್ತಿ ಬರೆದಿಡುತ್ತಿದ್ದೇನೆ.

ಪೆಟ್ಟಿಗೆಯ ವಿವರ

ಪ್ರತಿ ಪೆಟ್ಟಿಗೆಯಲ್ಲಿ ತಗ್ಗು ಸ್ವರಗಳಿಗೆ ಆರೂವರೆ ಇಂಚಿನ ಎರಡು ವೂಫರ್, ಮೇಲಿನ ಸ್ವರಗಳಿಗೆ ಒಂದು ಇಂಚಿನ ಒಂದು ರೇಷ್ಮೆ ಗುಮ್ಮಟದ ಟ್ವೀಟರ್. ವೂಫರ್‌ಗಳ ಬೆನ್ನ ಮೇಲೆ 8 ಓಂ ಎಂದಿದೆ. ಎರಡನ್ನೂ ಪ್ಯಾರಲಲ್, ಅಂದರೆ ಕರೆಂಟ್ ಎರಡಕ್ಕೂ ಹಂಚಿಹೋಗುವಂತೆ, ಜೋಡಿಸಲಾಗಿದೆ. ಒಳಗಿನ ಜಾಗ ಸುಮಾರು 40 ಲೀಟರ್, ಒಳ ಎತ್ತರ 90 ಸೆಂಟಿಮೀಟರ್. ಹಿಂಬದಿಯಲ್ಲಿ ಒಳಗಿನ ಗಾಳಿ ಆಡಲು ಪಿವಿಸಿ ಪೈಪಿನ ಪೋರ್ಟ್. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಹಾಕಿದರೆ ಕರಾವಳಿಯ ಎರಡು ಮಳೆಗಾಲ ದಾಟುವಷ್ಟರಲ್ಲಿ ಅಂಚು ಉಬ್ಬುತ್ತದೆ, ಹಾಗಾಗಿ 18 ಮಿಲಿಮೀಟರ್‌ನ ಮರೈನ್ ಪ್ಲೈ. ಮುಂಭಾಗಕ್ಕೆ ಮನೆಯದ್ದೇ ಹಲಸಿನ ಮರದ ಹಲಗೆ. ಬಡಗಿಯ ಕೆಲಸ ಅಚ್ಚುಕಟ್ಟಾಗಿದೆ.

ಕ್ರಾಸ್‌ಓವರನ್ನು ಅವನು ಸಿದ್ಧವಾದದ್ದು ತರದೆ ಸೂತ್ರ ಹಿಡಿದು ಲೆಕ್ಕ ಹಾಕಿದ್ದ. 2.5 ಕಿಲೋಹರ್ಟ್ಜ್‌ಗೆ ಎರಡನೇ ದರ್ಜೆಯ, ಅಂದರೆ ಒಂದು ಕಾಯಿಲ್, ಒಂದು ಕಂಡೆನ್ಸರ್ ಇರುವ, ಬಟರ್‌ವರ್ತ್ ಎಂಬ ಮಾದರಿಯ ಫಿಲ್ಟರ್. 8 ಓಂನ ಎರಡು ವೂಫರ್ ಪ್ಯಾರಲಲ್ ಆದರೆ 4 ಓಂ. 4 ಓಂಗೆ ಸೂತ್ರ ಕೊಡುವ ಉತ್ತರ 0.36 ಮಿಲಿಹೆನ್ರಿ ಕಾಯಿಲ್, ಸುಮಾರು 11 ಮೈಕ್ರೋಫ್ಯಾರಡ್ ಕಂಡೆನ್ಸರ್. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ತಾಮ್ರದ ತಂತಿಯಲ್ಲಿ ಕಾಯಿಲನ್ನು ತಾನೇ ಸುತ್ತಿದ್ದ. ಕಾಯಿಲ್, ಕಂಡೆನ್ಸರ್ ಅಳೆಯುವ ಎಲ್‌ಸಿಆರ್ ಮೀಟರಿನಲ್ಲಿ ನೋಡಿದರೆ ನೂರಕ್ಕೆ ಎರಡರಷ್ಟೂ ವ್ಯತ್ಯಾಸವಿರಲಿಲ್ಲ.

ಆಂಪ್ ಎಲ್‌ಎಂ3886 ಚಿಪ್ಪಿನದ್ದು. ಮನೆಯಲ್ಲಿ ಆಂಪ್ ಕಟ್ಟುವವರಲ್ಲಿ ಈ ಚಿಪ್ ಗೊತ್ತಿಲ್ಲದವರು ಕಡಿಮೆ. 24-0-24 ವೋಲ್ಟ್ ಟ್ರಾನ್ಸ್‌ಫಾರ್ಮರ್, ರೆಕ್ಟಿಫೈ ಆಗಿ ಡಿಸಿಗೆ ಬದಲಾದ ಮೇಲೆ ಪ್ಲಸ್ 33, ಮೈನಸ್ 33 ವೋಲ್ಟ್.

ನಾನು ಹೋಗುವ ಮೊದಲು ಆದದ್ದು

ಹರಿದ ಸದ್ದು ಕೇಳಿದ ಕೂಡಲೇ ಅವನು ಆಂಪನ್ನು ದೂರಿದ. ಒಂದು ಚಿಪ್ ಬದಲಾಯಿಸಿದ. ಹಾಗೇ ಇತ್ತು. ನಕಲಿ ಚಿಪ್ ಇರಬಹುದೆಂದು ಬೇರೆ ಅಂಗಡಿಯಿಂದ ಇನ್ನೊಂದು ತಂದ. ಆಗಲೂ ಹಾಗೇ. ಚಿಪ್ಪಿನ ಬಿಸಿ ಎಳೆಯುವ ಹೀಟ್‌ಸಿಂಕ್ ದೊಡ್ಡದು ಮಾಡಿದ. ಆಮೇಲೆ ಚಿಕ್ಕಪ್ಪನ ಹಳೆಯ 8 ಓಂ ಸ್ಪೀಕರನ್ನು ಅದೇ ಆಂಪಿಗೆ ಹಾಕಿ ನೋಡಿದ, ಸದ್ದು ತಿಳಿಯಾಗಿ ಬಂತು. ಹಾಗಾದರೆ ಸ್ಪೀಕರಿನದ್ದೇ ತೊಂದರೆಯೆಂದು ಹೊಸ ಪೆಟ್ಟಿಗೆಗಳನ್ನು ಸ್ನೇಹಿತನ ದೊಡ್ಡ ಆಂಪಿಗೆ ಜೋಡಿಸಿದ, ಅಲ್ಲಿಯೂ ತಿಳಿಯಾಗಿ ಬಂತು. ಆಂಪೂ ಸರಿ, ಸ್ಪೀಕರೂ ಸರಿ, ಎರಡು ಸೇರಿದರೆ ಮಾತ್ರ ತಕರಾರು. ಹೀಗೆ ಬಂದಾಗ ಇಂಪಿಡೆನ್ಸನ್ನು ನೋಡದೆ ಬೇರೆ ದಾರಿಯಿಲ್ಲ.

ಫೋನಿನಲ್ಲಿ ಅವನು ಹೇಳಿದ ಇನ್ನೊಂದು ಮಾತನ್ನು ನಾನು ಬರೆದಿಟ್ಟುಕೊಂಡೆ. ಕರಕರ ಇಲ್ಲದಾಗಲೂ, ಸಣ್ಣ ದನಿಯಲ್ಲಿ ಇಟ್ಟಾಗಲೂ, ಹಾಡುಗಾರಿಕೆ "ಕಿವಿಗೆ ಚುಚ್ತದೆ" ಎಂದು ಚಿಕ್ಕಪ್ಪ ಹೇಳುತ್ತಿದ್ದರಂತೆ. ಅದು ಟ್ವೀಟರಿನ ಸ್ವಭಾವ ಎಂದು ಅವನು ಟ್ವೀಟರಿಗೆ ರೆಸಿಸ್ಟರ್ ಹಾಕಿ ತಗ್ಗಿಸಿದ್ದ. ಆದರೂ ಚುಚ್ಚುವುದು ಹೋಗಿರಲಿಲ್ಲ.

ಬೆನ್ನ ಮೇಲಿನ ಸಂಖ್ಯೆ

ಮಲ್ಟಿಮೀಟರಿನಲ್ಲಿ ವೂಫರಿನ ಎರಡು ತುದಿ ಮುಟ್ಟಿದರೆ 5.8 ಓಂ ತೋರಿಸುತ್ತದೆ. 8 ಅಲ್ಲ. ಮೀಟರ್ ನೋಡುವುದು ಡಿಸಿ ರೆಸಿಸ್ಟೆನ್ಸನ್ನು, ಅಂದರೆ ಸುತ್ತಿದ ತಂತಿ ಕರೆಂಟಿಗೆ ಒಡ್ಡುವ ಬರೀ ತಡೆಯನ್ನು. ಸಂಗೀತ ಹರಿಯುವಾಗ ಅದೇ ಕಾಯಿಲ್ ಆಯಸ್ಕಾಂತದ ನಡುವೆ ಓಡಾಡಿ ತಾನೇ ಒಂದಿಷ್ಟು ವೋಲ್ಟೇಜ್ ಹುಟ್ಟಿಸಿ ಎದುರು ತಳ್ಳುತ್ತದೆ. ಕಂಪನಾಂಕ ಹೆಚ್ಚಾದಂತೆ ಕಾಯಿಲಿನ ಇಂಡಕ್ಟೆನ್ಸ್, ಅಂದರೆ ಕರೆಂಟಿನ ಏರಿಳಿತವನ್ನು ವಿರೋಧಿಸುವ ಗುಣ, ಕೂಡ ತಡೆಯುತ್ತದೆ. ಈ ಮೂರೂ ಸೇರಿ ಆದದ್ದು ಇಂಪಿಡೆನ್ಸ್. ಅದು ಪ್ರತಿ ಕಂಪನಾಂಕಕ್ಕೂ ಬೇರೆ. ಒಂದೇ ವೂಫರ್ ತನ್ನ ಅನುರಣನದ ಜಾಗದಲ್ಲಿ 40 ಓಂ ದಾಟುತ್ತದೆ, 200 ಹರ್ಟ್ಜ್‌ನಲ್ಲಿ 6.4ಕ್ಕೆ ಇಳಿಯುತ್ತದೆ, ಮೇಲೆ ಹೋದಂತೆ ಮತ್ತೆ ಏರುತ್ತದೆ.

ಹಾಗಾದರೆ 8 ಎಲ್ಲಿಂದ ಬಂತು? ಅದು ವರ್ಗದ ಹೆಸರು. ಐಇಸಿ 60268-5 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸ್ಪೀಕರಿನ ಇಂಪಿಡೆನ್ಸ್ ಅದರ ಘೋಷಿತ ಸಂಖ್ಯೆಯ ಶೇಕಡಾ 80ಕ್ಕಿಂತ ಕೆಳಗೆ ಎಲ್ಲಿಯೂ ಇಳಿಯಬಾರದು. 8 ಓಂ ಎಂದು ಬರೆದರೆ 6.4ರವರೆಗೆ ಇಳಿಯಬಹುದು, 4 ಓಂ ಎಂದರೆ 3.2ರವರೆಗೆ. ಎಷ್ಟು ಏರಬಹುದು ಎನ್ನುವುದಕ್ಕೆ ಮಿತಿಯಿಲ್ಲ. ಜಾತ್ರೆಯ ಮೈಕಿನ ಹಾರ್ನ್ ಯೂನಿಟ್ಟಿನ ಮೇಲೆ 16 ಎಂದಿರುತ್ತದೆ, ಬಿಬಿಸಿಯ ಹೆಸರಾಂತ ಎಲ್‌ಎಸ್3/5ಎ ಪುಟ್ಟ ಸ್ಪೀಕರಿನ ಮೊದಲ ಮಾದರಿಯ ಮೇಲೆ 15 ಎಂದಿತ್ತು. ಎಲ್ಲವೂ ಆಂಪ್ ಆರಿಸಿಕೊಳ್ಳಲು ಕೊಟ್ಟ ಸೂಚನೆಗಳು. ಕ್ರಾಸ್‌ಓವರಿನ ಸೂತ್ರದಲ್ಲಿ ಹಾಕಬೇಕಾದ ಸಂಖ್ಯೆ ಅದಲ್ಲ. ನನ್ನ ತಮ್ಮ ಹಾಕಿದ್ದು ಅದನ್ನೇ. ಲೆಕ್ಕ ಸರಿಯಿತ್ತು, ಲೆಕ್ಕಕ್ಕೆ ಕೊಟ್ಟ 4 ಎಂಬ ಅಂಕಿ 2.5 ಕಿಲೋಹರ್ಟ್ಜ್‌ನಲ್ಲಿ ನಿಜವಾಗಿರಲಿಲ್ಲ.

ಇದನ್ನು ನಾನು ಊಹಿಸಿದ್ದು ಮಾತ್ರ. ಅಳೆಯದೆ ಯಾವ ಭಾಗಕ್ಕೂ ಕೈ ಹಾಕಬಾರದು ಎಂದು ಫೋನಿನಲ್ಲೇ ಹೇಳಿದ್ದೆ.

ಅಳತೆ

ಪುತ್ತೂರಿಗೆ ಹೋದದ್ದು ಜುಲೈ ಮೊದಲ ವಾರ. ಮಳೆ ಧಾರಾಕಾರ, ಕರೆಂಟು ಗಳಿಗೆಗೊಮ್ಮೆ ಹೋಗುತ್ತಿತ್ತು. ಇಂಪಿಡೆನ್ಸ್ ಅಳತೆಗೆ ಅದು ಅಡ್ಡಿಯಲ್ಲ. ಬೇಕಾದದ್ದು ಲ್ಯಾಪ್‌ಟಾಪ್, ಒಂದು ಯುಎಸ್‌ಬಿ ಸೌಂಡ್‌ಕಾರ್ಡ್, 100 ಓಂನ ಒಂದು ರೆಸಿಸ್ಟರ್, ನಾಲ್ಕು ಮೊಸಳೆ ಕ್ಲಿಪ್. ರೂಮ್ ಈಕ್ಯೂ ವಿಝಾರ್ಡ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಇದಕ್ಕೆ ವ್ಯವಸ್ಥೆಯಿದೆ. ಹೆಡ್‌ಫೋನ್ ಔಟ್‌ಪುಟ್‌ನಿಂದ ಸಂಕೇತ ರೆಸಿಸ್ಟರಿನ ಮೂಲಕ ಸ್ಪೀಕರಿಗೆ ಹೋಗುತ್ತದೆ. ರೆಸಿಸ್ಟರಿನ ಈಚೆಯ ವೋಲ್ಟೇಜನ್ನು ಒಂದು ಇನ್‌ಪುಟ್ ನೋಡುತ್ತದೆ, ಆಚೆಯದ್ದನ್ನು ಇನ್ನೊಂದು. ರೆಸಿಸ್ಟರಿನ ಬೆಲೆ ಗೊತ್ತಿರುವುದರಿಂದ ಕರೆಂಟ್ ಗೊತ್ತಾಗುತ್ತದೆ, ಕರೆಂಟ್ ಗೊತ್ತಾದರೆ ಪ್ರತಿ ಕಂಪನಾಂಕದ ಇಂಪಿಡೆನ್ಸ್ ಕೂಡ.

ಇಲ್ಲಿ ಎರಡು ಎಚ್ಚರಿಕೆ ಹೇಳಬೇಕು. ಆಂಪಿನ ತಂತಿಯನ್ನು ಪೂರ್ತಿ ಬಿಚ್ಚಿರಬೇಕು, ಇಲ್ಲವಾದರೆ ಅಳತೆ ಸುಳ್ಳಾಗುವುದಲ್ಲದೆ ಸೌಂಡ್‌ಕಾರ್ಡೂ ಹೋಗಬಹುದು. ಮತ್ತು ಸ್ಪೀಕರಿಗೆ ಮೊದಲು ಒಂದು ಗೊತ್ತಿರುವ ರೆಸಿಸ್ಟರನ್ನು ಅಳೆದು ನೋಡಬೇಕು. ನಾವು 10 ಓಂನ ರೆಸಿಸ್ಟರ್ ಹಾಕಿದೆವು. ತೆರೆಯ ಮೇಲೆ 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್‌ವರೆಗೆ 10ರಲ್ಲಿ ನೇರ ಗೆರೆ ಬಂದ ಮೇಲೆಯೇ ಸ್ಪೀಕರನ್ನು ಕ್ಲಿಪ್ಪಿಗೆ ಸಿಕ್ಕಿಸಿದ್ದು. ಸಾಮಾನ್ಯ ಮಲ್ಟಿಮೀಟರಿನ ಎಸಿ ರೇಂಜಿನಲ್ಲೇ ಇದನ್ನು ಮಾಡಬಹುದೆಂದು ಕೆಲವರು ಹೇಳುತ್ತಾರೆ. ಅಗ್ಗದ ಮೀಟರುಗಳು ಮನೆಯ 50 ಹರ್ಟ್ಜ್ ಕರೆಂಟಿಗೆಂದು ಮಾಡಿದವು, ಕೆಲವು ನೂರು ಹರ್ಟ್ಜ್ ದಾಟಿದ ಮೇಲೆ ಅವುಗಳ ಮಾತನ್ನು ನಂಬುವ ಹಾಗಿಲ್ಲ. ಈ ಪ್ರಕರಣದ ಗುಟ್ಟು ಇದ್ದದ್ದೇ ಆ ಗಡಿಯ ಆಚೆ.

ಬಲ ಪೆಟ್ಟಿಗೆಯ ಗೆರೆ ಎಡದಿಂದ ಬಲಕ್ಕೆ ನಿಧಾನವಾಗಿ ಬಿಡಿಸಿಕೊಂಡಿತು. ಮೊದಲು 26 ಹರ್ಟ್ಜ್‌ನಲ್ಲಿ ಒಂದು ಗುಡ್ಡ, ನಂತರ 42ರಲ್ಲಿ ಕಣಿವೆ, 66ರಲ್ಲಿ ಇನ್ನೊಂದು ಗುಡ್ಡ. ಪೋರ್ಟ್ ಇರುವ ಪೆಟ್ಟಿಗೆಯ ಗುರುತೇ ಈ ಜೋಡಿ ಗುಡ್ಡ. ನಡುವಿನ ಕಣಿವೆಯ ತಳ ಇರುವಲ್ಲಿ ಪೋರ್ಟ್ ದುಡಿಯುತ್ತದೆ, ವೂಫರಿನ ಕೋನ್ ಹೆಚ್ಚುಕಡಿಮೆ ನಿಂತೇ ಇರುತ್ತದೆ, ಆದ್ದರಿಂದ ಎದುರು ತಳ್ಳುವ ವೋಲ್ಟೇಜೂ ಇರುವುದಿಲ್ಲ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಇಂಥ ಪೆಟ್ಟಿಗೆಗಳನ್ನು ವಿದ್ಯುತ್ ಫಿಲ್ಟರ್‌ಗಳಂತೆ ಲೆಕ್ಕ ಹಾಕಬಹುದೆಂದು ತೋರಿಸಿದರು, ರಿಚರ್ಡ್ ಸ್ಮಾಲ್ 70ರ ದಶಕದ ಆರಂಭದಲ್ಲಿ ಅದನ್ನು ಬೆಳೆಸಿದರು. ಇಂದು ವೂಫರಿನ ಜೊತೆ ಬರುವ ಹಾಳೆಯಲ್ಲಿನ ಅಂಕಿಗಳಿಗೆ ಅವರಿಬ್ಬರದ್ದೇ ಹೆಸರು. ತಮ್ಮ 42ಕ್ಕೇ ಲೆಕ್ಕ ಹಾಕಿ ಪೈಪ್ ಕತ್ತರಿಸಿದ್ದ. ತೆರೆಯ ಮೇಲೆ ಆ 42 ಕಂಡಾಗ ಅವನ ಮುಖ ಅರಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಮುಂದೆ 200 ಹರ್ಟ್ಜ್ ಹತ್ತಿರ ಗೆರೆ 3.5 ಓಂಗೆ ಇಳಿಯಿತು. ವೂಫರ್ ಜೋಡಿಯ 3.2, ಕ್ರಾಸ್‌ಓವರ್ ಕಾಯಿಲಿನ ತಂತಿಯ 0.3. ಇದು 4 ಓಂ ಸ್ಪೀಕರಿನ ಮಿತಿಯೊಳಗೇ ಇದೆ. ಅಲ್ಲಿಂದ ಮೇಲಕ್ಕೆ ಏರಿ 2 ಕಿಲೋಹರ್ಟ್ಜ್ ಆಸುಪಾಸಿನಲ್ಲಿ 8 ಓಂ ದಾಟಿತು. ಏರುತ್ತಲೇ ಹೋಗಬಹುದೆಂದು ನೋಡುತ್ತಿದ್ದ ಹಾಗೆ, ಬಾವಿಗೆ ಬಿದ್ದಂತೆ ಕೆಳಗೆ ಬಂತು. 3.3 ಕಿಲೋಹರ್ಟ್ಜ್‌ನಲ್ಲಿ 2.2 ಓಂ. ಆಮೇಲೆ ಮತ್ತೆ ಮೇಲೆದ್ದು ಟ್ವೀಟರಿನ 6-7 ಓಂನಲ್ಲಿ ನಿಂತಿತು.

"ಅಲ್ಲಿ ಎಂತ ಉಂಟು ಅಣ್ಣ? ನಾನು ದಾಟಿಸಿದ್ದು ಎರಡೂವರೆಯಲ್ಲಿ."

ಎಡ ಪೆಟ್ಟಿಗೆಯಲ್ಲೂ ಅದೇ ಗುಂಡಿ, ಅದೇ ಜಾಗದಲ್ಲಿ. ಎರಡರಲ್ಲೂ ಒಂದೇ ಥರ ಇದ್ದರೆ ಭಾಗ ಕೆಟ್ಟಿದ್ದಲ್ಲ, ವಿನ್ಯಾಸದಲ್ಲೇ ಇದೆ ಎಂದರ್ಥ.

3.3 ಕಿಲೋಹರ್ಟ್ಜ್‌ನ ಗುಂಡಿ

ಕ್ರಾಸ್‌ಓವರ್ ತೆಗೆದು ವೂಫರ್ ಜೋಡಿಯನ್ನಷ್ಟೇ ಅಳೆದೆವು. 200 ಹರ್ಟ್ಜ್‌ನಲ್ಲಿ 3.2, ಒಂದು ಕಿಲೋಹರ್ಟ್ಜ್‌ನಲ್ಲಿ 4, ಎರಡೂವರೆಯಲ್ಲಿ 7ಕ್ಕಿಂತ ಮೇಲೆ, 3.3ರಲ್ಲಿ 9 ಓಂ. ಅಂದರೆ ಫಿಲ್ಟರ್ ತನ್ನ ಕೆಲಸ ಮಾಡಬೇಕಾದ ಜಾಗದಲ್ಲಿ ಅದರ ಎದುರು ಇದ್ದದ್ದು 4 ಓಂ ಅಲ್ಲ, ಅದರ ಎರಡು ಪಟ್ಟು. ಅದೂ ಶುದ್ಧ ರೆಸಿಸ್ಟೆನ್ಸ್ ಅಲ್ಲ, ಬಹುಪಾಲು ಇಂಡಕ್ಟೆನ್ಸ್.

ತಗ್ಗು ಕಂಪನಾಂಕಗಳನ್ನಷ್ಟೇ ವೂಫರಿಗೆ ಬಿಡುವ ಎರಡನೇ ದರ್ಜೆಯ ಲೋ-ಪಾಸ್ ಫಿಲ್ಟರಿನಲ್ಲಿ ಕಾಯಿಲ್ ಆಂಪಿನ ದಾರಿಯಲ್ಲಿ ಇರುತ್ತದೆ, ಕಂಡೆನ್ಸರ್ ವೂಫರಿಗೆ ಅಡ್ಡಲಾಗಿ ನೆಲಕ್ಕೆ ಹೋಗುತ್ತದೆ. ಈ ಎರಡು ಸೇರಿದರೆ ಒಂದು ಉಯ್ಯಾಲೆ. ತನ್ನದೇ ಆದ ಒಂದು ಕಂಪನಾಂಕದಲ್ಲಿ ತೂಗಲು ಅದು ಸದಾ ಸಿದ್ಧವಾಗಿರುತ್ತದೆ. ಅದನ್ನು ಹದದಲ್ಲಿ ಇಡುವುದು ವೂಫರ್. ಉಯ್ಯಾಲೆಯಲ್ಲಿ ಕೂತವನು ಕಾಲನ್ನು ನೆಲಕ್ಕೆ ಉಜ್ಜಿದರೆ ತೂಗಾಟ ಹೇಗೆ ಮಿತಿಯಲ್ಲಿರುತ್ತದೋ, 4 ಓಂನ ರೆಸಿಸ್ಟೆನ್ಸ್ ಕಂಡೆನ್ಸರಿಗೆ ಅಡ್ಡ ಇದ್ದರೆ ಹಾಗೆ. ವೂಫರ್ ಅಲ್ಲಿ 9 ಓಂ ಆಗಿಬಿಟ್ಟರೆ ಕಾಲು ನೆಲ ಮುಟ್ಟುವುದಿಲ್ಲ. ಕಾಯಿಲೂ ಕಂಡೆನ್ಸರೂ ಒಂದನ್ನೊಂದು ರದ್ದು ಮಾಡಿಕೊಂಡು, ಆಂಪಿಗೆ ಉಳಿಕೆಯಾದ ಪುಟ್ಟ ರೆಸಿಸ್ಟೆನ್ಸ್ ಮಾತ್ರ ಕಾಣುತ್ತದೆ. ಕಾಯಿಲ್ ಮತ್ತು ಕಂಡೆನ್ಸರ್ ಮಾತ್ರ ಇದ್ದಿದ್ದರೆ ಗುಂಡಿ 2.5ರಲ್ಲೇ ಬೀಳಬೇಕಿತ್ತು. ವೂಫರಿನ ಸ್ವಂತ ಇಂಡಕ್ಟೆನ್ಸ್ ಕಂಡೆನ್ಸರಿನ ಒಂದು ಪಾಲನ್ನು ನುಂಗಿದ್ದರಿಂದ ಅದು 3.3ಕ್ಕೆ ಸರಿದಿತ್ತು.

ಈ ಉಯ್ಯಾಲೆಗೆ ಇನ್ನೊಂದು ಪರಿಣಾಮವೂ ಇದೆ. ಆಂಪ್ ಕೊಟ್ಟ ವೋಲ್ಟೇಜಿಗಿಂತ ಹೆಚ್ಚು ವೋಲ್ಟೇಜ್ ವೂಫರಿನ ಮೇಲೆ ಬೀಳುತ್ತದೆ. ಕ್ರಾಸ್‌ಓವರನ್ನು ಮರಳಿ ಜೋಡಿಸಿ, ಸಣ್ಣ ಮಟ್ಟದಲ್ಲಿ 3.3 ಕಿಲೋಹರ್ಟ್ಜ್ ಸ್ವರ ಕೊಟ್ಟು, ಸೌಂಡ್‌ಕಾರ್ಡಿನಿಂದಲೇ ಒಳಹೋಗುವ ಮತ್ತು ವೂಫರಿಗೆ ತಲುಪುವ ವೋಲ್ಟೇಜನ್ನು ನೋಡಿದೆವು. ಒಳಗೆ ಹೋದದ್ದರ ಎರಡು ಪಟ್ಟಿಗಿಂತ ತುಸು ಹೆಚ್ಚೇ ವೂಫರಿಗೆ ತಲುಪುತ್ತಿತ್ತು. ಅಂದರೆ ತಗ್ಗಿಸಲೆಂದು ಹಾಕಿದ ಫಿಲ್ಟರ್ ಅಲ್ಲಿ 6 ಡೆಸಿಬಲ್‌ಗಿಂತ ಹೆಚ್ಚು ಏರಿಸುತ್ತಿತ್ತು. ಮನುಷ್ಯನ ಕಿವಿ ಎಲ್ಲಕ್ಕಿಂತ ಚುರುಕಾಗಿರುವುದು 3ರಿಂದ 4 ಕಿಲೋಹರ್ಟ್ಜ್‌ನ ಈ ವಲಯದಲ್ಲಿಯೇ. ಚಿಕ್ಕಪ್ಪನ ಕಿವಿಗೆ ಚುಚ್ಚುತ್ತಿದ್ದದ್ದು ಟ್ವೀಟರ್ ಅಲ್ಲ, ವೂಫರ್. ಅಳತೆಯಿಲ್ಲದೆ ಅವರು ವರ್ಷದಿಂದ ಹೇಳುತ್ತಿದ್ದ ದೂರು ಅಕ್ಷರಶಃ ಸರಿಯಾಗಿತ್ತು.

ಸ್ಯಾಕ್ಸೊಫೋನೇ ಏಕೆ? ಅದರ ಸ್ವರದ ಮೂಲ ಕಂಪನ ಕೆಲವು ನೂರು ಹರ್ಟ್ಜ್ ಇರುತ್ತದೆ, ಆದರೆ ಗಟ್ಟಿಯಾಗಿ ಊದಿದಾಗ ಉಪಸ್ವರಗಳು 3-4 ಕಿಲೋಹರ್ಟ್ಜ್‌ವರೆಗೂ ಬಲವಾಗಿ ಹಬ್ಬುತ್ತವೆ. ಮೃದಂಗದ ಪೆಟ್ಟು ಕ್ಷಣದಲ್ಲಿ ಮುಗಿಯುತ್ತದೆ, ಊದಿದ ಸ್ವರ ಮಾತ್ರ ನಿಲ್ಲುತ್ತದೆ, ಗಮಕದಲ್ಲಿ ಆಚೀಚೆ ತೂಗುತ್ತ ಒಂದಲ್ಲ ಒಂದು ಉಪಸ್ವರವನ್ನು ಆ ಗುಂಡಿಯ ಮೇಲೆ ಹಾಯಿಸುತ್ತಲೇ ಇರುತ್ತದೆ. ಮೂಲ ಸ್ವರಕ್ಕೆ 4 ಓಂ ಆಸುಪಾಸಿನ ಹೊರೆ, ಅದರ ಬೆನ್ನ ಮೇಲೆ ಉಪಸ್ವರಕ್ಕೆ 2.2 ಓಂನ ಹೊರೆ. ಎರಡರ ಕರೆಂಟೂ ಒಂದೇ ಚಿಪ್ಪಿನಿಂದ ಬರಬೇಕು.

ಆ ಚಿಪ್ ಏನು ಮಾಡುತ್ತಿತ್ತೆಂದು ನೋಡಿ. 12 ವೋಲ್ಟ್‌ನ ಒಂದು ಶಿಖರಕ್ಕೆ 8 ಓಂ ಸ್ಪೀಕರ್ ಕೇಳುವುದು 1.5 ಆಂಪಿಯರ್. 2.2 ಓಂ ಕೇಳುವುದು 5.5. ಎಲ್‌ಎಂ3886ರ ಹಾಳೆಯಲ್ಲಿ ಕರೆಂಟಿನ ಮಿತಿ ಕನಿಷ್ಠ 7 ಆಂಪಿಯರ್ ಎಂದು ಕೊಟ್ಟಿದ್ದಾರೆ. ಆದರೆ ಅದರೊಳಗಿನ ಸ್ಪೈಕ್ ಎಂಬ ರಕ್ಷಣಾ ವ್ಯವಸ್ಥೆ ಕರೆಂಟನ್ನು ಮಾತ್ರ ನೋಡುವುದಿಲ್ಲ, ಆ ಹೊತ್ತಿನಲ್ಲಿ ಔಟ್‌ಪುಟ್ ಟ್ರಾನ್ಸಿಸ್ಟರಿನ ಮೇಲೆ ಎಷ್ಟು ವೋಲ್ಟೇಜ್ ಉಳಿದಿದೆ ಎನ್ನುವುದನ್ನೂ ನೋಡುತ್ತದೆ. 33 ವೋಲ್ಟ್ ಸರಬರಾಜಿನಲ್ಲಿ 12 ವೋಲ್ಟ್ ಹೊರಗೆ ಹೋದರೆ ಉಳಿದ 21 ವೋಲ್ಟ್ ಟ್ರಾನ್ಸಿಸ್ಟರಿನ ತಲೆಯ ಮೇಲೆ. ಜೊತೆಗೆ, ಗುಂಡಿಯ ಇಕ್ಕೆಲಗಳಲ್ಲಿ ಕರೆಂಟ್ ಮತ್ತು ವೋಲ್ಟೇಜ್ ಒಟ್ಟಿಗೆ ಹೆಜ್ಜೆ ಹಾಕುವುದಿಲ್ಲ. ಹೊರಗಿನ ವೋಲ್ಟೇಜ್ ಕೆಳಗಿಳಿದ ಹೊತ್ತಿನಲ್ಲಿ ಕರೆಂಟ್ ಮೇಲಿರುತ್ತದೆ, ಆಗ ಟ್ರಾನ್ಸಿಸ್ಟರ್ ಇನ್ನೂ ಕಾಯುತ್ತದೆ. ಚಿಪ್ ಪ್ರತಿ ಅಲೆಯಲ್ಲೂ ತನ್ನನ್ನು ಉಳಿಸಿಕೊಳ್ಳಲು ಕ್ಷಣಮಾತ್ರ ಕೈ ಹಿಂದೆಳೆಯುತ್ತಿತ್ತು. ನಾವು ಕೇಳುತ್ತಿದ್ದ ಕರಕರ ಅದು. ಎರಡು ಸಲ ಬಿಚ್ಚಿ ಎಸೆದ ಚಿಪ್ಪುಗಳು ಕೆಟ್ಟಿರಲಿಲ್ಲ, ಮಾಡಬೇಕಾದ್ದನ್ನೇ ಮಾಡುತ್ತಿದ್ದವು.

ಪಂಪಿನ ಕಂಡೆನ್ಸರ್

ಮದ್ದು ಹೊಸದಲ್ಲ. ಬೆಲ್ ಸಂಸ್ಥೆಯ ಒಟ್ಟೊ ಝೋಬೆಲ್ ದೂರವಾಣಿ ತಂತಿಗಳ ಫಿಲ್ಟರ್‌ಗಳ ಮೇಲೆ ಕಳೆದ ಶತಮಾನದ 20ರ ದಶಕದಲ್ಲಿ ಮಾಡಿದ ಕೆಲಸದಿಂದ ಬಂದದ್ದು, ಸ್ಪೀಕರ್ ಕಟ್ಟುವವರ ಬಾಯಲ್ಲಿ ಅದರ ಹೆಸರೇ ಝೋಬೆಲ್. ಒಂದು ರೆಸಿಸ್ಟರ್, ಒಂದು ಕಂಡೆನ್ಸರ್, ಎರಡನ್ನೂ ಸಾಲಾಗಿ ಜೋಡಿಸಿ ವೂಫರಿನ ಎರಡು ತುದಿಗೆ ಅಡ್ಡಲಾಗಿ ಹಾಕುವುದು. ವೂಫರಿನ ಇಂಪಿಡೆನ್ಸ್ ಮೇಲೇರುವಾಗ ಕಂಡೆನ್ಸರ್ ಬಾಗಿಲು ತೆರೆದು ರೆಸಿಸ್ಟರನ್ನು ಒಳಗೆ ತರುತ್ತದೆ, ಒಟ್ಟು ಹೊರೆ ಸಮನಾಗಿ ಉಳಿಯುತ್ತದೆ.

ಲೆಕ್ಕ ಸರಳ. ರೆಸಿಸ್ಟರ್ ಬೆಲೆ ಡಿಸಿ ರೆಸಿಸ್ಟೆನ್ಸಿನ ಒಂದೂಕಾಲು ಪಟ್ಟು. ಜೋಡಿಯ ಡಿಸಿ 2.9, ಹಾಗಾಗಿ 3.6 ಓಂ. ಕಂಡೆನ್ಸರ್ ಬೆಲೆ ಎಂದರೆ ಇಂಡಕ್ಟೆನ್ಸನ್ನು ಆ ರೆಸಿಸ್ಟರ್ ಬೆಲೆಯ ವರ್ಗದಿಂದ (3.6 ಗುಣಿಸು 3.6, ಸುಮಾರು 13) ಭಾಗಿಸಿದ್ದು. ಹಾಳೆಯಲ್ಲಿ ಒಂದೊಂದು ವೂಫರಿಗೆ 0.8 ಮಿಲಿಹೆನ್ರಿ, ಪ್ಯಾರಲಲ್ ಆದರೆ 0.4. 0.4 ಮಿಲಿಹೆನ್ರಿಯನ್ನು 13ರಿಂದ ಭಾಗಿಸಿದರೆ ಸುಮಾರು 31 ಮೈಕ್ರೋಫ್ಯಾರಡ್.

ಭಾನುವಾರ, ಮಳೆ, ಬೆಂಗಳೂರು ದೂರ. 10 ವ್ಯಾಟ್‌ನ 3.9 ಓಂ ಸಿಮೆಂಟ್ ರೆಸಿಸ್ಟರ್ ತಮ್ಮನ ಡಬ್ಬಿಯಲ್ಲಿಯೇ ಇತ್ತು. 31 ಮೈಕ್ರೋಫ್ಯಾರಡ್‌ನ, ಪ್ಲಸ್ ಮೈನಸ್ ಭೇದವಿಲ್ಲದ ಕಂಡೆನ್ಸರ್ ಎಲ್ಲಿ ಸಿಗಬೇಕು? ಅಡಿಕೆ ತೋಟದ ಊರಿನಲ್ಲಿ ಅದಕ್ಕೆ ಉತ್ತರವಿದೆ. ಪಂಪಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಇರುವ 440 ವೋಲ್ಟ್‌ನ 36 ಮೈಕ್ರೋಫ್ಯಾರಡ್ ರನ್ ಕಂಡೆನ್ಸರ್ ಪಾಲಿಪ್ರೊಪಿಲೀನ್ ಹಾಳೆಯದ್ದು, ಎಸಿಯಲ್ಲಿ ವರ್ಷಗಟ್ಟಲೆ ದುಡಿಯಲು ಮಾಡಿದ್ದು. ಕ್ರಾಸ್‌ಓವರಿಗೆ ಹಾಕುವ ದುಬಾರಿ ಫಿಲ್ಮ್ ಕಂಡೆನ್ಸರುಗಳ ಒಳಗೂ ಹೆಚ್ಚಾಗಿ ಅದೇ ವಸ್ತು. ಮುಚ್ಚಿದ್ದ ಎಲೆಕ್ಟ್ರಿಕಲ್ ಅಂಗಡಿಯವರನ್ನು ಮನೆಯಿಂದ ಕರೆಸಿ ಎರಡು ಹೊಸ ಕಂಡೆನ್ಸರ್ ತಂದೆವು. ರನ್ ಕಂಡೆನ್ಸರ್ ಎಂದು ಒತ್ತಿ ಕೇಳಬೇಕು. ಸ್ಟಾರ್ಟ್ ಕಂಡೆನ್ಸರ್ ಬೇರೆ ಜಾತಿ, ಕೆಲವೇ ಸೆಕೆಂಡ್ ಕೆಲಸಕ್ಕೆಂದು ಮಾಡಿದ ಎಲೆಕ್ಟ್ರೊಲಿಟಿಕ್, ಇಲ್ಲಿಗೆ ಆಗುವುದಿಲ್ಲ. ಹಳೆಯ ಪಂಪಿನಿಂದ ಬಿಚ್ಚಿದ್ದನ್ನು ಬಳಸುವುದಾದರೆ ಮೊದಲು ಡಿಸ್ಚಾರ್ಜ್ ಮಾಡದೆ ಮುಟ್ಟಬಾರದು.

3.9 ಓಂ, 36 ಮೈಕ್ರೋಫ್ಯಾರಡ್. ಲೆಕ್ಕಕ್ಕಿಂತ ಎರಡೂ ತುಸು ಹೆಚ್ಚು, ಆದರೆ ಇಲ್ಲಿ ಅಷ್ಟು ವ್ಯತ್ಯಾಸ ನಡೆಯುತ್ತದೆ. ಮೊಸಳೆ ಕ್ಲಿಪ್ಪಿನಲ್ಲೇ ಸಿಕ್ಕಿಸಿ ಮತ್ತೆ ಅಳೆದೆವು. ಗೆರೆ 3.3 ಕಿಲೋಹರ್ಟ್ಜ್‌ಗೆ ಬಂತು, ಬೀಳಲಿಲ್ಲ. ಅಲ್ಲಿ 6 ಓಂ ಮೇಲೆಯೇ ಇತ್ತು. ಈಗ ಇಡೀ ಗೆರೆಯ ಅತಿ ತಗ್ಗಿನ ಜಾಗ 200 ಹರ್ಟ್ಜ್‌ನ 3.5 ಓಂ ಮಾತ್ರ.

ಬೆಸುಗೆ ಹಾಕಿ, ಟ್ವೀಟರಿಗೆ ಮೊದಲು ಸೇರಿಸಿದ್ದ ಹೆಚ್ಚುವರಿ ರೆಸಿಸ್ಟರನ್ನು ತೆಗೆದು, ಸಂಜೆ ದೀಪ ಹಚ್ಚುವ ಹೊತ್ತಿಗೆ ಸಂಗೀತ ಹಾಕಿದೆವು. ಮಳೆಯ ಸದ್ದಿಗೆ ವಾಲ್ಯೂಮ್ ಏರಿಸಲೇಬೇಕಿತ್ತು. ಚಿಕ್ಕಪ್ಪ ಕುರ್ಚಿಯಲ್ಲಿ ಕೂತು ಪೂರ್ತಿ ಆಲಾಪನೆ ಕೇಳಿದರು. ನಂತರ ಮಗನಿಗೆ ಹೇಳಿದ್ದು ಇಷ್ಟೇ: "ಈಗ ಉಸಿರು ಕೇಳ್ತದೆ ನೋಡು. ಮೊದಲು ಇರ್ಲಿಲ್ಲ."

ನಾನು ಅದನ್ನು ಗಮನಿಸಿರಲಿಲ್ಲ. ಸ್ವರ ಹಿಡಿಯುವ ಮೊದಲು ರೀಡಿನ ಮೇಲೆ ಗಾಳಿ ಸವರುವ ಸಣ್ಣ ಶಬ್ದ ಅದು. 3.3ರ ಉಬ್ಬು ಅದರ ಮೇಲೆ ಕೂತಿದ್ದಾಗ ಕೇಳುತ್ತಿರಲಿಲ್ಲ.

ಆಂಪಿನ ಕಡೆಯ ಕೆಲಸ

ಕರಕರ ಹೋಯಿತೆಂದು ಅಲ್ಲಿಗೆ ಬಿಡಲು ನನಗೆ ಮನಸ್ಸಿರಲಿಲ್ಲ. 3.5 ಓಂ ತಳವಿರುವ ಸ್ಪೀಕರಿಗೆ 33 ವೋಲ್ಟ್ ಸರಬರಾಜು ಹೆಚ್ಚು. ಆ ಚಿಪ್ಪಿನ ಹಾಳೆಯಲ್ಲಿ 4 ಓಂಗೆ ಕೊಟ್ಟಿರುವ 68 ವ್ಯಾಟ್ ಅಂಕಿ ಪ್ಲಸ್ ಮೈನಸ್ 28 ವೋಲ್ಟ್‌ನದ್ದು. ಅದಕ್ಕಿಂತ ಮೇಲೆ ಹೋಗಿ 4 ಓಂ ಹೊರೆ ಹಾಕಿದರೆ ಮಾರ್ಚ್ ಏಪ್ರಿಲ್ ಸೆಕೆಯಲ್ಲಿ ರಕ್ಷಣೆ ಮತ್ತೆ ಕೈ ಹಿಂದೆಳೆಯುತ್ತದೆ.

ತಮ್ಮ ಇನ್ನೊಂದು ದಾರಿ ಕೇಳಿದ: "ಎರಡು ವೂಫರ್ ಸೀರೀಸ್ ಮಾಡಿದ್ರೆ 16 ಆಗ್ತದಲ್ಲ, ಆಂಪ್ ತಂಪಾಗಿರ್ತದೆ." ಆಗುತ್ತದೆ. ಆದರೆ ಅದೇ ವೋಲ್ಟೇಜಿಗೆ ಸದ್ದು 6 ಡೆಸಿಬಲ್ ಇಳಿಯುತ್ತದೆ, ಟ್ವೀಟರನ್ನೂ ಅಷ್ಟೇ ತಗ್ಗಿಸಬೇಕು, ಕ್ರಾಸ್‌ಓವರ್ ಹೊಸದಾಗಿ ಮಾಡಬೇಕು. ಪುತ್ತೂರಿನ ಮಳೆಗಾಲದಲ್ಲಿ, ಮೂರು ಕಡೆ ತೆರೆದ ಚಾವಡಿಯಲ್ಲಿ 6 ಡೆಸಿಬಲ್ ಬಿಟ್ಟುಕೊಡಲು ಆಗುವುದಿಲ್ಲ. ಬೇರೆ ಮನೆಯಾಗಿದ್ದರೆ ನಾನು ಅದನ್ನೇ ಹೇಳುತ್ತಿದ್ದೆನೋ ಏನೋ.

ಆರಿಸಿದ್ದು ಟ್ರಾನ್ಸ್‌ಫಾರ್ಮರ್ ಬದಲಾವಣೆ. 24-0-24 ತೆಗೆದು 18-0-18, 5 ಆಂಪಿಯರ್. ಸರಬರಾಜು ಪ್ಲಸ್ ಮೈನಸ್ 24 ವೋಲ್ಟ್‌ಗೆ ಇಳಿಯಿತು. ಸ್ಪೀಕರಿಗೆ ಸಿಗುವ ಗರಿಷ್ಠ ವೋಲ್ಟೇಜ್ 29ರಿಂದ 21ಕ್ಕೆ ಬಂತು. ಕೇಳಲು ದೊಡ್ಡ ನಷ್ಟವೆನಿಸುತ್ತದೆ, ಕಿವಿಯ ಲೆಕ್ಕದಲ್ಲಿ 3 ಡೆಸಿಬಲ್ ಕೂಡ ಅಲ್ಲ. 21 ವೋಲ್ಟ್ ಶಿಖರ 3.5 ಓಂಗೆ ಬಿದ್ದರೆ 6 ಆಂಪಿಯರ್, ಚಿಪ್ಪಿನ ಮಿತಿಯೊಳಗೇ ಇದೆ. 4 ಓಂಗೆ 50 ವ್ಯಾಟ್ ಆಸುಪಾಸು ಸಿಗುತ್ತದೆ. ಹೆಚ್ಚು ವೋಲ್ಟೇಜ್ ಇದ್ದರೆ ಒಳ್ಳೆಯ ಆಂಪ್ ಎಂಬ ನಂಬಿಕೆ ಆಂಪ್ ಕಟ್ಟುವವರಲ್ಲಿ ಬೇರೂರಿದೆ. ಹೊರೆ 4 ಓಂ ಇರುವ ಕಡೆ ಅದು ಹಾನಿಯನ್ನೇ ಮಾಡುತ್ತದೆ ಎಂದು ಈ ಪ್ರಕರಣದ ನಂತರ ನಾನು ಗಟ್ಟಿಯಾಗಿ ಹೇಳುತ್ತೇನೆ.

ಗೆರೆಯಲ್ಲಿ ಉಳಿದಿದ್ದ ಎರಡು ಸುಕ್ಕು

ಅದೇ ಅಳತೆಯಲ್ಲಿ ಇನ್ನೆರಡು ಸಂಗತಿ ಕಂಡವು, ಯಾರೂ ದೂರಿರಲಿಲ್ಲ.

190 ಹರ್ಟ್ಜ್ ಹತ್ತಿರ ಎರಡೂ ಗೆರೆಗಳಲ್ಲಿ ಒಂದು ಪುಟ್ಟ ಸುಕ್ಕು. ಒಳ ಎತ್ತರ 90 ಸೆಂಟಿಮೀಟರ್, ಅದರ ಎರಡು ಪಟ್ಟು 1.8 ಮೀಟರ್. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ, ಭಾಗಿಸಿದರೆ 190. ಪೆಟ್ಟಿಗೆಯ ತಲೆಗೂ ಬುಡಕ್ಕೂ ನಡುವೆ ನಿಂತ ಅಲೆ ಅದು, ವೂಫರಿನ ಕೋನನ್ನು ಹಿಂದಿನಿಂದ ತಳ್ಳಿ ಇಂಪಿಡೆನ್ಸ್ ಗೆರೆಯಲ್ಲಿ ತನ್ನ ಗುರುತು ಬಿಟ್ಟಿತ್ತು. ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಪೆಟ್ಟಿಗೆಯ ಮೇಲ್ತುದಿಯಲ್ಲಿ ಒಂದು ಗೇಣಿನಷ್ಟು ತುಂಬಿದಾಗ ಸುಕ್ಕು ಹೆಚ್ಚುಕಡಿಮೆ ಮಾಯವಾಯಿತು. ಪೋರ್ಟಿನ ಬಾಯಿಗೆ ಹತ್ತಿ ಬಾರದಂತೆ ಮೀನಿನ ಬಲೆಯ ತುಂಡಿನಿಂದ ಹಿಡಿಸಿದೆವು.

ಎರಡನೆಯದು ಎಡ ಪೆಟ್ಟಿಗೆಯದ್ದು. ಬಲದಲ್ಲಿ 26 ಹರ್ಟ್ಜ್ ಗುಡ್ಡ ಚೂಪಾಗಿದ್ದರೆ ಎಡದಲ್ಲಿ ಕುಗ್ಗಿತ್ತು, 42ರ ಕಣಿವೆ ಅಷ್ಟು ಆಳಕ್ಕೆ ಹೋಗಿರಲಿಲ್ಲ. ಗಾಳಿ ಸೋರುವ ಪೆಟ್ಟಿಗೆಯ ಲಕ್ಷಣ. 30 ಹರ್ಟ್ಜ್ ಸ್ವರ ಕೊಟ್ಟು ಊದುಬತ್ತಿಯ ಹೊಗೆಯನ್ನು ಅಂಚುಗಳ ಉದ್ದಕ್ಕೂ ಹಿಡಿದುಕೊಂಡು ಹೋದಾಗ, ಹಿಂದಿನ ಟರ್ಮಿನಲ್ ಬಟ್ಟಲಿನ ಬಳಿ ಹೊಗೆ ನಡುಗಿತು. ಒಂದು ಸ್ಕ್ರೂ ಬಿಗಿಯಾಗಿರಲಿಲ್ಲ, ಕೆಳಗಿನ ರಬ್ಬರ್ ಮಡಚಿಕೊಂಡಿತ್ತು. ಸರಿಪಡಿಸಿದ ಮೇಲೆ ಎಡ ಬಲದ ಗೆರೆಗಳು ಒಂದರ ಮೇಲೊಂದು ಕೂತವು.

ಮಾರನೆಯ ವರ್ಷ ಮೇ ತಿಂಗಳಲ್ಲಿ, ಸೆಕೆ ನೆತ್ತಿಗೇರಿದ ಹೊತ್ತಿನಲ್ಲಿ ಮತ್ತೆ ಅಳೆದೆವು. ಎರಡೂ ಪೆಟ್ಟಿಗೆಗಳಲ್ಲಿ ಕಣಿವೆ 42ರಲ್ಲಿಯೇ ಇತ್ತು. ಗುಡ್ಡಗಳು ಒಂದೊಂದು ಹರ್ಟ್ಜ್ ಕೆಳಗೆ ಸರಿದಿದ್ದವು, ವೂಫರಿನ ಅಂಚು ಬಳಕೆಯಿಂದ ಮೆದುವಾದಾಗ ಹಾಗಾಗುತ್ತದೆ. 3.3 ಕಿಲೋಹರ್ಟ್ಜ್‌ನಲ್ಲಿ 6 ಓಂ. ಮೂರು ತಾಸು ಜೋರಾಗಿ ಹಾಡಿದ ಮೇಲೂ ಹೀಟ್‌ಸಿಂಕ್ ಕೈಯಿಟ್ಟು ತಡೆಯುವಷ್ಟೇ ಬಿಸಿ. ತಮ್ಮ ಎರಡೂ ವರ್ಷಗಳ ಗೆರೆಗಳನ್ನು ಒಂದೇ ಹಾಳೆಯಲ್ಲಿ ಮುದ್ರಿಸಿ, ಡಿಸಿ ರೆಸಿಸ್ಟೆನ್ಸ್, ಝೋಬೆಲ್ ಬೆಲೆಗಳು ಮತ್ತು ತಾರೀಕು ಬರೆದು, ಪ್ಲಾಸ್ಟಿಕ್ ಹೊದಿಸಿ ಪ್ರತಿ ಪೆಟ್ಟಿಗೆಯ ಬೆನ್ನಿಗೆ ಅಂಟಿಸಿದ. ಬೆನ್ನ ಮೇಲೆ ಮೊದಲು ಅವನೇ ಬರೆದಿದ್ದ "4 ಓಂ" ಈಗ ಆ ಹಾಳೆಯ ಅಡಿಯಲ್ಲಿದೆ.